ನರೆತ ಕಾರು ಮತ್ತು ಅತ್ತೆಯ ಕಾವಲಿ

ನಮ್ಮ ಕಾರಿಗೆ ಮೊದಲು ನರೆ ಕಾಣಿಸಿಕೊಂಡದ್ದು ಪಕ್ಕದ ಕನ್ನಡಿಗಳ ಬುಡದಲ್ಲಿ. ಆಮೇಲೆ ಬಾಗಿಲಿನ ಪಟ್ಟಿ, ಚಕ್ರಗಳ ಮೇಲಿನ ಕಮಾನು, ಕೊನೆಗೆ ಹಿಂದಿನ ಮುಂದಿನ ಬಂಪರುಗಳು. ಕೊಂಡಾಗ ಕಾಡಿಗೆಯ ಹಾಗೆ ಕಪ್ಪಗಿದ್ದ ಪ್ಲಾಸ್ಟಿಕ್ಕೆಲ್ಲ ಎಂಟು ಬೇಸಗೆಗಳಲ್ಲಿ ಬೂದಿಬಣ್ಣಕ್ಕೆ ತಿರುಗಿತು. ದುಬೈಯ ಅಲ್ ನಹ್ದಾದಲ್ಲಿರುವ ನಮ್ಮ ಬಿಲ್ಡಿಂಗಿನ ಬೇಸ್‌ಮೆಂಟಿನಲ್ಲಿ ನಮ್ಮ ಪಾಲಿಗೆ ಜಾಗ ಇಲ್ಲ. ಹಿಂದುಗಡೆಯ ಮರಳಿನ ಖಾಲಿ ಜಾಗದಲ್ಲಿ ದಿನವಿಡೀ ಬಿಸಿಲು ಕುಡಿಯುತ್ತ ನಿಲ್ಲುವುದು ಅದರ ಹಣೆಬರಹ. ಬಿಳಿ ಬಣ್ಣಕ್ಕೆ ಏನೂ ಆಗಿರಲಿಲ್ಲ, ಇಂಜಿನ್ನು ಒಂದು ದಿನವೂ ಕೈಕೊಟ್ಟಿರಲಿಲ್ಲ. ಆದರೆ ನೋಡುವವರಿಗೆ ಇಂಜಿನ್ನು ಎಲ್ಲಿ ಕಾಣುತ್ತದೆ?

ಹಳೆಯ ಮಾದರಿಯ, ಪೆಟ್ಟಿಗೆಯಂಥ ಚೌಕ ಮೈಯ ಜಪಾನಿ ಫೋರ್‌ವೀಲ್ ಅದು. ಹೆಸರಿಗೆ ಮನೆಯ ಕಾರು, ನಿಜವಾಗಿ ನನ್ನದು. ಡ್ರೈವಿಂಗ್ ಟೆಸ್ಟಿನಲ್ಲಿ ಐದು ಸಲ ಫೇಲಾಗಿ ಆರನೆಯ ಸಲ ಪಾಸಾದವಳು ನಾನು. ಲೈಸೆನ್ಸ್ ಕೈಗೆ ಬಂದ ವಾರವೇ ಈ ಕಾರು ಬಂತು. ಮುಂದೆ ನನ್ನ ಗಂಡನ ಕೆಲಸ ಹೋಗಿ ಸುಮಾರು ಒಂದು ವರ್ಷ ಅವರು ಮನೆಯಲ್ಲೇ ಕೂತರು. ಆಗ ಶಾಲೆಯೊಂದರ ಕೆಮಿಸ್ಟ್ರಿ ಲ್ಯಾಬಿನಲ್ಲಿ ಸಹಾಯಕಿಯಾಗಿದ್ದ ನಾನು ಇದೇ ಕಾರಿನಲ್ಲಿ ದಿನಾ ಬೆಳಗ್ಗೆ ಹೊರಟು ಸಂಜೆ ಬಂದು ಸಂಸಾರ ಎಳೆದೆ. ಸಿಗ್ನಲ್ಲಿನಲ್ಲಿ ನಿಂತು ಅತ್ತದ್ದೂ ಅದರೊಳಗೇ, ಇವರಿಗೆ ಮತ್ತೆ ಕೆಲಸ ಸಿಕ್ಕಿತೆಂದು ಫೋನ್ ಬಂದಾಗ ಒಬ್ಬಳೇ ನಕ್ಕದ್ದೂ ಅದರೊಳಗೇ. ಅಂಥ ಕಾರನ್ನು ಮಾರುವ ಮಾತು ಬಂದರೆ ನನಗೆ ಮಂಡೆ ಬಿಸಿಯಾಗದೆ ಇರುತ್ತದೆಯೇ?

ಮಾತು ಬಂದದ್ದು ಜನವರಿಯಲ್ಲಿ. ಊರಿನವರೆಲ್ಲ ಸೇರಿ ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಒಂದು ಹೋಟೆಲಿನಲ್ಲಿ ಮಧ್ಯಾಹ್ನದ ಊಟ ಇಟ್ಟಿದ್ದರು. ಅಲ್ಲಿ ಬಾಗಿಲಲ್ಲಿ ಕೀ ಕೊಟ್ಟರೆ ಸಾಕು, ಕಾರು ನಿಲ್ಲಿಸುವ ಕೆಲಸ ವ್ಯಾಲೆಟ್‌ನವರದ್ದು. ಚಂದದ ಕಾರುಗಳನ್ನು ಅವರು ಹೋಟೆಲಿನ ಎದುರೇ ಸಾಲಾಗಿ ನಿಲ್ಲಿಸುತ್ತಾರೆ, ಉಳಿದವು ಹಿಂದುಗಡೆಗೆ. ನಮ್ಮದು ಬಂದಾಗ ಎದುರಿನ ಸಾಲಿನಲ್ಲಿ ಎರಡು ಜಾಗ ಖಾಲಿ ಇದ್ದವು. ವ್ಯಾಲೆಟ್‌ನವನು ಒಮ್ಮೆ ಬಂಪರ್ ನೋಡಿದ, ಒಮ್ಮೆ ನಮ್ಮನ್ನು ನೋಡಿದ, ಕಾರನ್ನು ಹಿಂದೆ ಕಸದ ಡಬ್ಬಗಳ ಪಕ್ಕಕ್ಕೆ ಕೊಂಡುಹೋದ. ಇದನ್ನು ನೋಡುತ್ತ ನಿಂತಿದ್ದ ನಮ್ಮ ಕೂಟದ ಹಿರಿಯರೊಬ್ಬರು, ಸ್ವಂತ ಬಿಸಿನೆಸ್ಸಿನವರು, ನನ್ನ ಗಂಡನ ಬೆನ್ನು ತಟ್ಟಿ ಇನ್ನೂ ಅದೇ ಗಾಡಿಯಾ ಎಂದು ಕೇಳಿದರು. ಇವರು ಆಗಷ್ಟೇ ಆಫೀಸಿನಲ್ಲಿ ಮ್ಯಾನೇಜರ್ ಆಗಿದ್ದರು. ಆ ಮಧ್ಯಾಹ್ನ ಪಾಯಸವನ್ನೂ ಮುಟ್ಟಲಿಲ್ಲ. ದುಬೈಗೆ ವಾಪಸು ಬರುವ ದಾರಿಯಲ್ಲೇ ಲೋನ್ ಮಾಡಿ ಹೊಸ ಕಾರು ತೆಗೆದುಕೊಳ್ಳುವುದೆಂದು ತೀರ್ಮಾನ ಮಾಡಿದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಾನು ಗೊಣಗಿದೆ. ಅವರಿಗೆ ಕೇಳಿಸಿತು, ಕೇಳಿಸಲೆಂದೇ ಗೊಣಗಿದ್ದು.

ನೋಡಲು ಚಂದ ಇಲ್ಲದಿರುವುದೊಂದೇ ಅದರ ತಪ್ಪಾದರೆ ಚಂದ ಮಾಡಿಬಿಡುತ್ತೇನೆ ಎಂದು ಹಟ ಹಿಡಿದೆ. ಕರಾವಳಿಯ ನಮಗೆ ಒಣಗಿದ್ದು ಯಾವುದನ್ನು ಕಂಡರೂ ಕೈ ತಾನಾಗಿ ತೆಂಗಿನೆಣ್ಣೆಯ ಬಾಟಲಿಗೆ ಹೋಗುತ್ತದೆ. ತಲೆಗೆ ಅದೇ, ಒಡೆದ ಹಿಮ್ಮಡಿಗೆ ಅದೇ, ಕಿರ್ರೆನ್ನುವ ಬಾಗಿಲಿಗೂ ಅದೇ. ಒಂದು ಬುಧವಾರ ಸಂಜೆ ಅರ್ಧ ಲೀಟರ್ ಎಣ್ಣೆ, ಒಂದು ಹಳೆಯ ಬನಿಯನ್ನು ಹಿಡಿದು ಮರಳಿನ ಜಾಗಕ್ಕೆ ಇಳಿದೆ. ಉಜ್ಜಿದ ಕಡೆಯೆಲ್ಲ ಕಪ್ಪು ಎದ್ದು ಬಂತು. ಎಂಟು ವರ್ಷದ ಹಿಂದಿನ ಕಾರೇ ಎದುರು ನಿಂತ ಹಾಗಿತ್ತು. ಫೋಟೋ ತೆಗೆದು ಇವರಿಗೆ ಕಳಿಸಿದೆ. ಊರಿಗೆ ಫೋನ್ ಮಾಡಿ ತಂಗಿಗೂ ಕೊಚ್ಚಿಕೊಂಡೆ.

ಮಾರನೆಯ ಬೆಳಗ್ಗೆ ದೂಳುಗಾಳಿ ಎದ್ದಿತ್ತು. ಕೆಳಗಿಳಿದು ನೋಡಿದರೆ ಕಾರಿಗೆ ಗಡ್ಡ ಮೀಸೆ ಬಂದಿದೆ. ಎಣ್ಣೆ ಹಚ್ಚಿದಲ್ಲೆಲ್ಲ ಬೆರಳ ದಪ್ಪ ಮರಳು ಅಂಟಿ ಕೂತು, ಬಂಪರು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದೇ ಗೊತ್ತಾಗುತ್ತಿರಲಿಲ್ಲ. ಹಿಂದಿನ ಚಕ್ರದ ಹತ್ತಿರ ಎರಡು ಬೆಕ್ಕುಗಳು ಕೂತು ಮೂಸುತ್ತಿದ್ದವು. ಸಾಲದ್ದಕ್ಕೆ, ಮೆಟ್ರೋ ಸ್ಟೇಷನ್ನಿನವರೆಗೆ ನನ್ನ ಜೊತೆ ಬರಲೆಂದು ಇವರು ಬಾಗಿಲಿಗೆ ತಾಗಿ ಹತ್ತಿ, ಇಸ್ತ್ರಿ ಮಾಡಿದ ಪ್ಯಾಂಟಿನ ಮೇಲೆ ಉದ್ದಕ್ಕೂ ಎಣ್ಣೆಯ ಪಟ್ಟಿ ಹೊತ್ತುಕೊಂಡು ಮೀಟಿಂಗಿಗೆ ಹೋದರು. ಸಂಜೆ ಬಂದವರು ಜಗಳವಾಡಲಿಲ್ಲ. ಖಲಾಸ್ ಎಂಬ ಒಂದೇ ಮಾತು ಹೇಳಿ ಹೊಸ ಕಾರಿನ ಬಣ್ಣಗಳನ್ನು ಫೋನಿನಲ್ಲಿ ತೋರಿಸಿದರು. ದಿನಾ ಲ್ಯಾಬಿನಲ್ಲಿ ಮಕ್ಕಳಿಗೆ ಯಾವುದು ಯಾವುದಕ್ಕೆ ಅಂಟುತ್ತದೆ, ಅಂಟುವುದಿಲ್ಲ ಎಂದು ತೋರಿಸಿಕೊಡುವವಳು ನಾನು. ನಾಚಿಕೆಯಿಂದ ಸತ್ತುಹೋಗಬೇಕೆನಿಸಿತು.

ಆದರೂ ಬಾಯಿ ಸುಮ್ಮನಿರಲಿಲ್ಲ. ಏಪ್ರಿಲಿನಲ್ಲಿ ಬಿಸು ಹಬ್ಬದ, ಅಂದರೆ ನಮ್ಮ ಕರಾವಳಿಯ ಹೊಸ ವರ್ಷದ ಊಟ ಅದೇ ಹೋಟೆಲಿನಲ್ಲಿ ಎಂದು ಆಗಲೇ ಗೊತ್ತಾಗಿತ್ತು. ಅಲ್ಲಿಯವರೆಗೆ ಸಮಯ ಕೊಡಿ, ವ್ಯಾಲೆಟ್‌ನವನು ಕಾರನ್ನು ಎದುರಿನ ಸಾಲಿನಲ್ಲಿ ನಿಲ್ಲಿಸಿದರೆ ಅದು ಮನೆಯಲ್ಲಿ ಉಳಿಯಬೇಕು, ಹಿಂದೆ ಕೊಂಡುಹೋದರೆ ಮಾರನೆಯ ದಿನವೇ ಮಾರಿಬಿಡಿ ಎಂದೆ. ಅವನಿಗೆ ಮೊದಲೇ ಟಿಪ್ಸ್ ಕೊಡುವ ಹಾಗಿಲ್ಲ, ಕಣ್ಣುಸನ್ನೆ ಮಾಡುವ ಹಾಗಿಲ್ಲ ಎಂದು ಇವರು ಷರತ್ತು ಸೇರಿಸಿ, ನಗುತ್ತಾ ಒಪ್ಪಿಕೊಂಡರು. ಗೆದ್ದೇ ಗೆಲ್ಲುವೆನೆಂಬ ಧೈರ್ಯದ ನಗೆ ಅದು.

ಅತ್ತೆ ಬಂದದ್ದು ಫೆಬ್ರವರಿಯ ಕೊನೆಗೆ, ವಿಸಿಟ್ ವೀಸಾದಲ್ಲಿ. ಉಡುಪಿಯ ಹೊರವಲಯದಲ್ಲಿ ಮಾವನವರ ಜೊತೆ ಸಣ್ಣ ಹೋಟೆಲು ನಡೆಸಿ, ಮೂವತ್ತು ವರ್ಷ ದೋಸೆಯ ಒಲೆ ಬಿಟ್ಟು ಕದಲದವರು. ನನ್ನ ನಾನ್‌ಸ್ಟಿಕ್ ತವಾದ ಮೇಲೆ ಅವರಿಗೆ ನಂಬಿಕೆಯಿಲ್ಲ. ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ತಮ್ಮ ಕಬ್ಬಿಣದ ಕಾವಲಿಯನ್ನೇ ಸುತ್ತಿ ತಂದಿದ್ದರು. ಕನ್ನಡಿಯ ಹಾಗೆ ನುಣುಪಾದ ಕರಿ ಕಾವಲಿ. ಅದರ ಮೇಲೆ ಹುಯ್ದ ನೀರುದೋಸೆ ತಾನಾಗಿ ಎದ್ದು ಬರುತ್ತಿತ್ತು.

ಬಂದ ಮೂರನೆಯ ದಿನ ಅವರು ಮಧ್ಯಾಹ್ನ ಮಲಗಿದ್ದಾಗ, ಒಳ್ಳೆಯ ಸೊಸೆ ಅನ್ನಿಸಿಕೊಳ್ಳುವ ಆಸೆಯಿಂದ, ಆ ಕಾವಲಿಯನ್ನು ಸೋಪು ಹಾಕಿ ಸ್ಟೀಲ್ ಜುಂಗಿನಿಂದ ತಿಕ್ಕಿ ತೊಳೆದೆ. ಕಪ್ಪು ನೀರು ಹರಿದಷ್ಟೂ ಕೊಳೆ ಹೋಗುತ್ತಿದೆಯೆಂದು ಸಂತೋಷಪಟ್ಟೆ. ಸಿಂಕಿನಲ್ಲೇ ನೆನೆಹಾಕಿ ಬೇರೆ ಕೆಲಸಕ್ಕೆ ಹೋದೆ. ಅತ್ತೆ ಎದ್ದು ಬರುವಾಗ ಕಾವಲಿ ಬೂದಿಬಣ್ಣಕ್ಕೆ ತಿರುಗಿ, ಅಂಚಿನಲ್ಲಿ ತುಕ್ಕು ಇಣುಕುತ್ತಿತ್ತು. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮೂವತ್ತು ವರ್ಷದ ಕಪ್ಪು ಎಂದಷ್ಟೇ ಹೇಳಿ, ಅದನ್ನು ಒರೆಸಿ ಸೂಟ್‌ಕೇಸಿನೊಳಗೆ ಇಟ್ಟು ಬೀಗ ಹಾಕಿದರು. ಒಂದು ಇಡೀ ದಿನ ನಮ್ಮ ನಡುವೆ ಅನ್ನ, ಸಾರು, ಉಪ್ಪು ಎಂಬ ಶಬ್ದಗಳು ಬಿಟ್ಟರೆ ಬೇರೆ ಮಾತಿರಲಿಲ್ಲ.

ಎರಡನೆಯ ದಿನ ಅವರೇ ಅದನ್ನು ಹೊರತೆಗೆದು ಪಳಗಿಸಲು ಕೂತರು. ನಾನು ತಪ್ಪಿತಸ್ಥಳ ಹಾಗೆ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಮೊದಲು ಹುಣಸೆಹುಳಿ ಹಾಕಿ ತುಕ್ಕನ್ನು ಪೂರ್ತಿ ತೆಗೆದರು. ನೀರಿನ ಪಸೆ ಇರದ ಹಾಗೆ ಒಲೆಯ ಮೇಲೆ ಒಣಗಿಸಿದರು. ಈರುಳ್ಳಿಯ ಹೋಳಿಗೆ ನಾಲ್ಕು ತೊಟ್ಟು ಎಣ್ಣೆ ಮುಟ್ಟಿಸಿ ಸವರಿದರು. ಆಮೇಲೆ, ನನಗೆ ಆಶ್ಚರ್ಯವಾಗುವಂತೆ, ಒಣಬಟ್ಟೆ ಹಿಡಿದು ಆ ಎಣ್ಣೆಯನ್ನೆಲ್ಲ ಒರೆಸಿಯೇ ತೆಗೆದರು. ಕಾಯಿಸಿದರು, ಆರಿಸಿದರು, ಮತ್ತೆ ಸವರಿದರು, ಮತ್ತೆ ಒರೆಸಿದರು. ಮೂರನೆಯ ಸುತ್ತಿಗೆ ಹೊಗೆಯೆದ್ದು ಮನೆಯ ಅಲಾರ್ಮು ಕೂಗಿಕೊಂಡಿತು. ಕೆಳಗಿನಿಂದ ವಾಚ್‌ಮನ್ ಓಡಿ ಬಂದ. ಪೇಶಾವರದ ಕಡೆಯವನು, ನಾವೆಲ್ಲ ಚಾಚಾ ಎನ್ನುತ್ತೇವೆ. ಅತ್ತೆ ಅವನನ್ನು ಕೂರಿಸಿ, ಅಲಾರ್ಮು ನಿಲ್ಲಿಸಿದ ಕೂಡಲೇ ತಟ್ಟೆಯಲ್ಲಿ ಬಿಸಿ ದೋಸೆ ಇಟ್ಟರು. ಅವನಿಗೆ ಕನ್ನಡ ಬಾರದು, ಅತ್ತೆಗೆ ಉರ್ದು ಬಾರದು. ಆದರೂ ಆರು ದೋಸೆ ತಿಂದು ಹೋದ.

ಅವನು ಹೋದ ಮೇಲೆ ನಾನು ಅತ್ತೆಯನ್ನು ಕೇಳಿದೆ, ಹಚ್ಚಿದ ಎಣ್ಣೆಯನ್ನು ಒರೆಸುವುದು ಯಾಕೆ ಎಂದು.

"ಮೇಲೆ ನಿಂತ ಎಣ್ಣೆ ಅಂಟಾಗ್ತದೆ, ಒಳಗೆ ಹೋದ ಎಣ್ಣೆ ಕಪ್ಪಾಗ್ತದೆ. ಹಚ್ಚಿದ್ದು ಕಾಣ್ಬಾರ್ದು, ಹಚ್ಚಿದವಳಿಗೆ ಮಾತ್ರ ಗೊತ್ತಿರ್ಬೇಕು."

ನನ್ನ ತಲೆಯೊಳಗೆ ದೀಪ ಹತ್ತಿದ್ದು ಆಗ. ಅತ್ತೆಯನ್ನು ಕೈಹಿಡಿದು ಎಬ್ಬಿಸಿ, ಕಾರಿನ ಹತ್ತಿರ ಕರೆದುಕೊಂಡು ಹೋಗಿ, ಜನವರಿಯ ಅವಮಾನದಿಂದ ಹಿಡಿದು ಪಂದ್ಯದವರೆಗೆ ಎಲ್ಲವನ್ನೂ ಒಪ್ಪಿಸಿದೆ. ಅವರು ಇನ್ನೂ ಅಲ್ಲಲ್ಲಿ ಅಂಟಿಕೊಂಡಿದ್ದ ಮರಳನ್ನು ಉಗುರಿನಿಂದ ಕೆರೆದು ಮೂಸಿದರು. "ಎಂತ ಮಾರಾಯ್ತಿ, ಕಾರಿಗೆ ದೀಪಾವಳಿಯ ಎಣ್ಣೆಸ್ನಾನ ಮಾಡ್ಸಿದ್ದಾ?" ಎಂದರು. ಎರಡು ದಿನಗಳ ಬಳಿಕ ನಾವಿಬ್ಬರೂ ನಕ್ಕದ್ದು ಆ ಮರಳಿನಲ್ಲಿ ನಿಂತು.

ತೆಂಗಿನೆಣ್ಣೆ ಒಣಗುವ ಜಾತಿಯದ್ದಲ್ಲ ಎಂದರು ಅತ್ತೆ. ಕಾವಲಿಗಾದರೆ ಬೆಂಕಿ ಉಂಟು, ಕಾರಿನ ಕೆಳಗೆ ಒಲೆ ಹಚ್ಚಲಿಕ್ಕಾಗುವುದಿಲ್ಲ. ತಾನಾಗಿ ಒಣಗುವ ಎಣ್ಣೆ ಬೇಕು. ಊರಿನ ಬಡಗಿಗಳು ಹೊಸ ಬಾಗಿಲಿಗೆ ಹಚ್ಚುವ ಅಗಸೆ ಎಣ್ಣೆಯ ನೆನಪು ತೆಗೆದವರೂ ಅವರೇ. ಅದು ಗಾಳಿಗೆ ಒಣಗಿ ಗಟ್ಟಿಯಾಗುತ್ತದೆಂದು ನನಗೆ ಪುಸ್ತಕದಿಂದ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಮಾರನೆಯ ದಿನ ಶಾಲೆ ಬಿಟ್ಟ ಮೇಲೆ ದೇರಾದ ಒಂದು ಹಳೆಯ ಪೇಂಟ್ ಅಂಗಡಿಯಿಂದ ಕಾಯಿಸಿದ ಅಗಸೆ ಎಣ್ಣೆಯ ಡಬ್ಬಿ ತಂದೆ.

ಜಾಗ ಕೊಟ್ಟವನು ಚಾಚಾ. ದೂಳಿನಲ್ಲಿ ಈ ಕೆಲಸ ಆಗುವ ಹಾಗಿರಲಿಲ್ಲ. ಬೇಸ್‌ಮೆಂಟಿನಲ್ಲಿ ಊರಿಗೆ ಹೋಗಿದ್ದ ಒಂದು ಸಂಸಾರದ ಜಾಗ ಹತ್ತು ದಿನ ಖಾಲಿಯಿತ್ತು. ಅವರಿಗೆ ಫೋನ್ ಮಾಡಿ ಕೇಳಿ, ನೀರು ಚೆಲ್ಲಬಾರದು ಎಂಬ ಕರಾರಿನ ಮೇಲೆ ಅವನು ಅದನ್ನು ಬಿಟ್ಟುಕೊಟ್ಟ. ಆರು ದೋಸೆಯ ಋಣ ಅಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ. ಪೆಟ್ರೋಲ್ ಪಂಪಿನಲ್ಲಿ ಕಾರು ತೊಳೆಸಿ ತಂದು ನಿಲ್ಲಿಸಿದೆ. ಕಾವಲಿಗೆ ಹಾಕಬಾರದಿದ್ದ ಪಾತ್ರೆಯ ಸೋಪನ್ನು ಕಾರಿನ ಪ್ಲಾಸ್ಟಿಕ್ಕಿಗೆ ಧಾರಾಳವಾಗಿ ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಂದುಗೊಂದಿಯ ತೆಂಗಿನೆಣ್ಣೆಯನ್ನೆಲ್ಲ ತೆಗೆದು, ಒದ್ದೆಬಟ್ಟೆಯಲ್ಲಿ ಒರೆಸಿದೆ. ಬಿಳಿ ಬಣ್ಣಕ್ಕೆ ತಾಗದಂತೆ ಅಂಚಿಗೆಲ್ಲ ಟೇಪು ಅಂಟಿಸಿದೆ. ಅತ್ತೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಸೆರಗು ಸಿಕ್ಕಿಸಿ ಕೂತು, ಪ್ರತಿ ಪಟ್ಟಿಯ ಮೇಲೂ ಬೆರಳಾಡಿಸಿ, ಇನ್ನೂ ಜಿಡ್ಡುಂಟು ಎಂದು ಎರಡು ಸಲ ವಾಪಸು ಕಳಿಸಿದರು.

ಮೊದಲ ಕೈ ಎಣ್ಣೆ ಹಿಂದಿನ ಬಂಪರಿನ ಕೆಳಗೆ, ಯಾರಿಗೂ ಕಾಣದ ಕಡೆ, ಹೆಬ್ಬೆರಳಗಲಕ್ಕೆ ಮಾತ್ರ. ಒಂದು ದಿನ ಬಿಟ್ಟು ಮುಟ್ಟಿ ನೋಡಿದೆವು. ಬೆರಳಿಗೆ ಏನೂ ಅಂಟಲಿಲ್ಲ, ಕಪ್ಪು ಮಾತ್ರ ನಿಂತಿತ್ತು. ಅಲ್ಲಿಂದ ದಿನಕ್ಕೆ ಒಂದು ಪಾಲು. ನಾನು ಸವರುವುದು, ಒಳಗೆ ಇಳಿಯಲು ಸ್ವಲ್ಪ ಹೊತ್ತು ಬಿಡುವುದು, ಅತ್ತೆ ಒರೆಸುವುದು. ಅವರ ಒರೆಸುವಿಕೆ ನೋಡಿದರೆ ಹಚ್ಚಿದ್ದೇ ವ್ಯರ್ಥ ಅನ್ನಿಸುತ್ತಿತ್ತು. ಇನ್ನೂ ಸ್ವಲ್ಪ ಹಚ್ಚೋಣ, ಇವತ್ತೇ ಮುಗಿಸೋಣ ಎಂದು ನಾನು ಒದ್ದಾಡಿದಾಗಲೆಲ್ಲ ತಾಳಿದವನು ಬಾಳಿಯಾನು ಎಂದು ಗಾದೆ ಹೇಳಿ ಬಾಯಿ ಮುಚ್ಚಿಸಿದರು.

ಒಂದೇ ಒಂದು ವಿಷಯದಲ್ಲಿ ನನ್ನ ಮಾತು ನಡೆಯಿತು. ಮೊದಲ ಸಂಜೆ ಅತ್ತೆ ಎಣ್ಣೆಬಟ್ಟೆಗಳನ್ನೆಲ್ಲ ಉಂಡೆಕಟ್ಟಿ ಅಡಿಗೆಮನೆಯ ಮೂಲೆಯಲ್ಲಿ ತುರುಕಲು ಹೊರಟಿದ್ದರು. ಈ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಉಂಡೆಕಟ್ಟಿದ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು ಎಂದು ನಾನು ಅದನ್ನು ಕಸಿದು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿದೆ. ಕಡ್ಡಿ ಗೀರದೆ ಬೆಂಕಿಯಾ ಎಂದು ಅವರು ಮೊದಲು ಮೂಗು ಮುರಿದರು. ಸ್ವಲ್ಪ ಹೊತ್ತು ಬಿಟ್ಟು, ಊರಿನಲ್ಲಿ ಒಬ್ಬ ಬಡಗಿಯ ಕೊಟ್ಟಿಗೆ ಯಾರೂ ಇಲ್ಲದಾಗ ಹೊಗೆಯಾಡಿ, ಪಕ್ಕದ ಮನೆಯವರನ್ನು ಅನುಮಾನಿಸಿ ದೊಡ್ಡ ರಾಮಾಯಣವಾದದ್ದನ್ನು ನೆನಪು ಮಾಡಿಕೊಂಡರು. ಆ ಕೊಟ್ಟಿಗೆಯಲ್ಲೂ ಇದೇ ಎಣ್ಣೆಯ ಬಟ್ಟೆಗಳಿದ್ದವಂತೆ. ಆಮೇಲೆ ಪ್ರತಿ ಸಂಜೆ ಬಕೆಟ್ಟು ತರಲು ನೆನಪಿಸಿದವರು ಅವರೇ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ, ನಮ್ಮದು ಎರಡೂ ಒಂದೇ ವಾರದಲ್ಲಿ ಬಂತು.

ಮೂರು ಸುತ್ತು ಮುಗಿಯುವಾಗ ಹತ್ತು ದಿನವೂ ಮುಗಿದಿತ್ತು. ಅಷ್ಟೂ ದಿನ ನಾನು ಬಸ್ಸಿನಲ್ಲಿ ಶಾಲೆಗೆ ಹೋದೆ. ಮೆಟ್ರೋದಲ್ಲಿ ಆಫೀಸಿಗೆ ಹೋಗಿಬರುವ ಇವರು ಒಮ್ಮೆಯೂ ಬೇಸ್‌ಮೆಂಟಿಗೆ ಇಳಿಯಲಿಲ್ಲ. ಅಮ್ಮ, ಹೆಂಡತಿ ಸೇರಿ ಏನೋ ಮಾಡುತ್ತಿದ್ದಾರೆಂದು ಗೊತ್ತಿತ್ತು, ಕೇಳಿದರೆ ಸೋತ ಹಾಗೆ ಎಂಬ ಗತ್ತು. ಕೆಲಸ ಮುಗಿದ ಮೇಲೂ ಹಬ್ಬದವರೆಗೆ ಅವರ ಕಣ್ಣಿಗೆ ಬೀಳಬಾರದೆಂದು ಕಾರಿಗೆ ಕವರ್ ಹೊದಿಸಿ ಮರಳಿನ ಜಾಗದಲ್ಲಿ ನಿಲ್ಲಿಸಿ, ನಾನು ಬಸ್ಸಿನಲ್ಲೇ ಓಡಾಡಿದೆ.

ಬಿಸುವಿನ ಊಟದ ಬೆಳಗ್ಗೆ ಕವರ್ ಎಳೆದೆ. ಇವರು ಕಾರಿನ ಸುತ್ತ ಒಂದು ಸುತ್ತು ಬಂದರು. ಬಂಪರಿನ ಮೇಲೆ ಬೆರಳೆಳೆದು ಬೆರಳನ್ನು ನೋಡಿಕೊಂಡರು, ಪ್ಯಾಂಟನ್ನೂ ಒಮ್ಮೆ ನೋಡಿಕೊಂಡರು. ಹೂಂ ಎಂದರು. ನನಗೆ ಅಷ್ಟು ಸಾಲದೆ, ಏನು ಹೂಂ ಎಂದು ಕೇಳಿದೆ. ತೀರ್ಪು ಕೊಡುವವನು ಅಬುಧಾಬಿಯಲ್ಲಿದ್ದಾನೆ ಎಂದರು.

ಓಡಿಸಿದವಳು ನಾನು. ಜೆಬೆಲ್ ಅಲಿ ದಾಟಿದ ಮೇಲೆ ಗಾಳಿಯೆದ್ದು ರಸ್ತೆಯ ಮೇಲೆ ಮರಳು ಹರಿಯತೊಡಗಿತು. ಎಲ್ಲಿ ಮತ್ತೆ ಗಡ್ಡ ಮೀಸೆ ಬೆಳೆದುಬಿಡುತ್ತದೋ ಎಂದು ಕನ್ನಡಿಯ ಬುಡವನ್ನೇ ನೋಡುತ್ತಿದ್ದೆ. ಮರಳು ಬಂದು ತಾಗುತ್ತಿತ್ತು, ಜಾರಿ ಹೋಗುತ್ತಿತ್ತು. ಹಿಂದಿನ ಸೀಟಿನಿಂದ ಅತ್ತೆ, ಅದು ಹಿಡಿಯುದಿಲ್ಲ, ನೀನು ರಸ್ತೆ ನೋಡು ಎಂದರು.

ಹೋಟೆಲಿನ ಬಾಗಿಲಲ್ಲಿ ಅದೇ ವ್ಯಾಲೆಟ್‌ನವನು ನಿಂತಿದ್ದ. ಷರತ್ತಿನಂತೆ ಇವರೇ ಕೀ ಕೊಟ್ಟರು, ನಾನು ಬೇರೆ ಕಡೆ ಮುಖ ಮಾಡಿ ನಿಂತೆ. ನಾವು ಮೂವರೂ ಮೊದಲ ಮಹಡಿಯ ಹಾಲಿಗೆ ಹೋಗಿ ನೇರ ಕಿಟಕಿಯ ಹತ್ತಿರ ನಿಂತೆವು. ಕೆಳಗೆ ನಮ್ಮ ಕಾರು ಇನ್ನೂ ಬಾಗಿಲಲ್ಲೇ ನಿಂತಿತ್ತು, ಎದುರಿನ ಸಾಲಿನಲ್ಲಿ ಒಂದೇ ಜಾಗ ಉಳಿದಿತ್ತು. ನಮ್ಮ ಹಿಂದೆಯೇ ಇನ್ನೊಂದು ಕಾರು ಬಂದು ನಿಂತಿತು. ಹೊಸದು, ದೊಡ್ಡದು. ಜನವರಿಯಲ್ಲಿ ಇವರ ಬೆನ್ನು ತಟ್ಟಿದ್ದ ಹಿರಿಯರದ್ದು. ವ್ಯಾಲೆಟ್‌ನವನು ನಮ್ಮ ಕಾರಿನೊಳಗೆ ಕೂತು ಸ್ಟಾರ್ಟ್ ಮಾಡಿ, ಹೋಟೆಲಿನ ಹಿಂದುಗಡೆಗೆ ಹೋಗುವ ದಾರಿಯ ಕಡೆಗೇ ಮುಂದೆ ಹೋದ. ಇವರು ನನ್ನ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಕಾರಿನ ಬ್ರೇಕಿನ ಕೆಂಪು ದೀಪ ಹತ್ತಿತು. ಅವನು ಮುಂದೆ ಹೋದದ್ದು ರಿವರ್ಸ್ ತೆಗೆಯಲಿಕ್ಕೆ. ನಿಧಾನವಾಗಿ ಹಿಂದೆ ಬಂದು, ಉಳಿದಿದ್ದ ಆ ಒಂದೇ ಜಾಗದಲ್ಲಿ ನಮ್ಮ ಕಾರನ್ನು ನೆಟ್ಟಗೆ ನಿಲ್ಲಿಸಿ ಇಳಿದ. ಇಳಿದವನು ಎರಡು ಹೆಜ್ಜೆ ಹಿಂದೆ ಸರಿದು ಒಮ್ಮೆ ನೋಡಿದ. ಹಿರಿಯರ ಕಾರು ಹಿಂದುಗಡೆಗೆ ಹೋಯಿತು.

ನಾನು ಊರಿನವರೆಲ್ಲ ಇದ್ದಾರೆಂಬುದನ್ನು ಮರೆತು ಅತ್ತೆಯನ್ನು ಅಪ್ಪಿಕೊಂಡೆ. ಅಷ್ಟು ಸಂತೋಷ ಲೈಸೆನ್ಸ್ ಸಿಕ್ಕಿದ ದಿನವೂ ಆಗಿರಲಿಲ್ಲ. ಇವರು ಕಿಟಕಿಯ ಹೊರಗೇ ನೋಡುತ್ತಾ, ಅವನಿಗೆ ಎಲ್ಲೋ ಕಣ್ಣು ಸರಿಯಿಲ್ಲ ಎಂದರು. ಆದರೆ ತುಟಿಯಂಚಿನ ನಗೆ ಅಡಗಿಸಲು ಅವರಿಗೆ ಆಗಲಿಲ್ಲ. ಹಿರಿಯರು ಮೇಲೆ ಬಂದವರೇ ನೇರ ಇವರ ಹತ್ತಿರ ಬಂದು, ಹಳೆಯದು ಕೊಟ್ಟು ಅದೇ ಮಾಡೆಲ್ಲಿನ ಬೇರೆ ತೆಗೆದುಕೊಂಡಿರಾ, ಅಥವಾ ಎಲ್ಲಾದರೂ ಗ್ಯಾರೇಜಿನಲ್ಲಿ ಮಾಡಿಸಿದ್ದಾ ಎಂದು ಕೇಳಿದರು. ತಮ್ಮ ಮಗನ ಕಾರಿಗೂ ಅದೇ ಕಾಯಿಲೆಯಂತೆ. ಗ್ಯಾರೇಜಲ್ಲ, ನನ್ನ ಅಮ್ಮ ಮತ್ತು ಹೆಂಡತಿ ಎಂದು ಇವರು ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು. ಆ ಮಧ್ಯಾಹ್ನ ಪಾಯಸ ಎರಡು ಸಲ ಹಾಕಿಸಿಕೊಂಡರು.

ಹೊರಡುವಾಗ ವ್ಯಾಲೆಟ್‌ನವನ ಕೈಗೆ ನಾನೇ ಟಿಪ್ಸ್ ಇಟ್ಟೆ. ಈಗ ಷರತ್ತು ಮುಗಿದಿತ್ತು. ಇಂಥ ಗಾಡಿಯನ್ನು ಇಷ್ಟು ಚೆನ್ನಾಗಿ ಇಟ್ಟವರು ಕಡಿಮೆ ಮೇಡಂ ಎಂದು ಅವನು ಹಿಂದಿಯಲ್ಲಿ ಹೇಳಿದ. ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅವರು ಸೆರಗು ಸರಿಮಾಡಿಕೊಂಡರು.

ದುಬೈಯ ದಾರಿಯಲ್ಲಿ ಇವರು ಪಕ್ಕದ ಸೀಟಿನಲ್ಲಿ ಕೂತು ಶೋರೂಮಿಗೆ ಫೋನ್ ಮಾಡಿ ಬೇಡವೆಂದು ಹೇಳಿದರು. ಅರ್ಧ ದಾರಿಗೆ, ಉಳಿದದ್ದು ನಾನು ಓಡಿಸಲಾ ಎಂದು ಕೇಳಿದರು. ಎಂಟು ವರ್ಷದಲ್ಲಿ ಈ ಕಾರನ್ನು ಅವರು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ನಾನು ಉತ್ತರ ಕೊಡುವ ಮೊದಲೇ ಹಿಂದಿನ ಸೀಟು ಮಾತಾಡಿತು.

"ಬೇಡ ಮಗಾ, ಅವಳೇ ಬಿಡ್ಲಿ. ಪಳಗಿಸಿದವರ ಕೈಯಲ್ಲೇ ಇರ್ಬೇಕು ಅದು."

ನಾನು ಸೋಪು ಹಾಕಿ ತೊಳೆದ ದಿನದಿಂದ ಅತ್ತೆ ಆ ಕಾವಲಿಯನ್ನು ನನ್ನ ಕೈಗೆ ಕೊಟ್ಟವರಲ್ಲ. ಪ್ರತಿದಿನ ತಾವೇ ದೋಸೆ ಹುಯ್ದು, ತಾವೇ ಒರೆಸಿ, ಸೂಟ್‌ಕೇಸಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಅವರು ಊರಿಗೆ ಹೊರಡಲು ಇನ್ನು ಹನ್ನೆರಡು ದಿನ ಉಳಿದಿತ್ತು.

"ಕಾವಲಿ ನಾನು ಕೊಂಡುಹೋಗುದಿಲ್ಲ," ಎಂದರು ಅತ್ತೆ, ಹೊರಗಿನ ಮರಳನ್ನು ನೋಡುತ್ತಾ. "ನಿನ್ನ ಹತ್ರವೇ ಇರ್ಲಿ. ಸೋಪು ಮುಟ್ಟಿಸಿದ್ದು ಗೊತ್ತಾದ್ರೆ ಮಾತ್ರ ವಿಮಾನ ಹತ್ತಿ ಬಂದು ತಕ್ಕೊಂಡು ಹೋಗ್ತೇನೆ."

ಆಗಲಿ ಅತ್ತೆ ಎಂದೆ. ಪಕ್ಕದ ಕನ್ನಡಿಯಲ್ಲಿ ಅವರ ಮುಖವನ್ನೂ ಅದರ ಬುಡದ ಕಪ್ಪನ್ನೂ ಒಮ್ಮೆ ನೋಡಿ, ಕಾರನ್ನು ಮನೆಯ ಕಡೆಗೆ ಓಡಿಸಿದೆ.